ನಿಮಗಿದು ಗೊತ್ತೇ? ರೂಟರ್‌ಗೆ ಬೀಗ ಇದೆ, ಹಾಕಿದ್ದೀರಾ?

ಮೊಬೈಲ್‌ಗೆ ಅಪ್‌ಡೇಟ್ ಬಂದರೆ ಅದೇ ರಾತ್ರಿ ಹಾಕಿಕೊಳ್ಳುತ್ತೇವೆ. ಲ್ಯಾಪ್‌ಟಾಪ್‌ಗೆ ದುಡ್ಡು ಕೊಟ್ಟು ಆಂಟಿವೈರಸ್ ಹಾಕಿಸುತ್ತೇವೆ. ಆದರೆ ಇವೆರಡರ ಮಾಹಿತಿಯೂ ಹಾದುಹೋಗುವ ರೂಟರ್ ನೆನಪಾಗುವುದು ಅದರ ದೀಪ ಕೆಂಪಾದಾಗ ಮಾತ್ರ. ಆ ಪುಟ್ಟ ಪೆಟ್ಟಿಗೆಯೊಳಗೂ ಒಂದು ಆಪರೇಟಿಂಗ್ ಸಿಸ್ಟಂ ಇದೆ. ಅದರಲ್ಲಿ ಬೇಡದ್ದನ್ನು ತಡೆಯುವ ಫೈರ್‌ವಾಲ್ ಇದೆ, ಎಷ್ಟೋ ಮಾದರಿಗಳಲ್ಲಿ ಮಾಹಿತಿಯನ್ನು ಮರೆಯಲ್ಲಿ ಸಾಗಿಸುವ ವಿಪಿಎನ್ ಕೂಡ ಇದೆ. ದೊಡ್ಡ ದೊಡ್ಡ ರೂಟರ್ ದಾಳಿಗಳ ಕಥೆ ಓದುತ್ತಾ ಹೋದರೆ ಹೆಚ್ಚಿನ ಕಡೆ ಕಾಣುವುದು ಒಂದೇ ಸಂಗತಿ: ಬೀಗ ಇತ್ತು, ಹಾಕಿರಲಿಲ್ಲ.

ಪೆಟ್ಟಿಗೆಯೊಳಗಿನ ಸಾಫ್ಟ್‌ವೇರ್

● ಲಿಯೊನಾರ್ಡ್ ಬೊಸಾಕ್ ಮತ್ತು ಸ್ಯಾಂಡಿ ಲರ್ನರ್ ದಂಪತಿ ಸಿಸ್ಕೊ ಕಂಪನಿ ಕಟ್ಟಿದ್ದು 1984ರ ಡಿಸೆಂಬರ್‌ನಲ್ಲಿ. ಅವರ ಮೊದಲ ರೂಟರ್‌ಗಳ ಸಾಫ್ಟ್‌ವೇರ್‌ಗೆ ಬುನಾದಿಯಾದದ್ದು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ವಿಲಿಯಂ ಯೇಗರ್ ಬರೆದಿದ್ದ ಪ್ರೋಗ್ರಾಂ. ಅದೇ ಬೆಳೆದು ಸಿಸ್ಕೊ ಐಒಎಸ್ ಆಯಿತು. ಐಫೋನ್‌ನ ಆಪರೇಟಿಂಗ್ ಸಿಸ್ಟಂಗೆ ಅದೇ ಹೆಸರಿಡಲು ಆಪಲ್ 2010ರಲ್ಲಿ ಸಿಸ್ಕೊದಿಂದ ಪರವಾನಗಿ ಪಡೆಯಬೇಕಾಯಿತು! 2007ರಲ್ಲಿ ಸಿಸ್ಕೊ ತನ್ನ ಪೂರ್ವ ಜಾಗತಿಕ ಕೇಂದ್ರವನ್ನು ತೆರೆದದ್ದು ನಮ್ಮ ಬೆಂಗಳೂರಿನಲ್ಲೇ.

● 2002ರ ಡಿಸೆಂಬರ್‌ನಲ್ಲಿ ಮಾರುಕಟ್ಟೆಗೆ ಬಂದ ಲಿಂಕ್‌ಸಿಸ್ ಡಬ್ಲ್ಯುಆರ್‌ಟಿ54ಜಿ ಎಂಬ ಮನೆಬಳಕೆಯ ರೂಟರ್‌ನೊಳಗೆ ಲಿನಕ್ಸ್ ಇರುವುದನ್ನು ಕುತೂಹಲಿಗಳು ಪತ್ತೆಹಚ್ಚಿದರು. ಲಿನಕ್ಸ್‌ನ ಜಿಪಿಎಲ್ ಪರವಾನಗಿಯ ಪ್ರಕಾರ ಮೂಲ ಕೋಡ್ ಕೊಡಲೇಬೇಕು. 2003ರಲ್ಲಿ ಕಂಪನಿ ಅದನ್ನು ಬಿಡುಗಡೆ ಮಾಡಿತು, 2004ರಲ್ಲಿ ಅದರಿಂದಲೇ ಓಪನ್‌ಡಬ್ಲ್ಯುಆರ್‌ಟಿ ಎಂಬ ಮುಕ್ತ ರೂಟರ್ ಸಾಫ್ಟ್‌ವೇರ್ ಯೋಜನೆ ಹುಟ್ಟಿತು. ದುಬಾರಿ ಕಚೇರಿ ರೂಟರ್‌ಗಳಲ್ಲಷ್ಟೇ ಇದ್ದ ಫೈರ್‌ವಾಲ್ ನಿಯಮಗಳು, ವಿಪಿಎನ್ ಎಲ್ಲವೂ ಅಗ್ಗದ ಪೆಟ್ಟಿಗೆಗೆ ಇಳಿದು ಬಂದದ್ದು ಹೀಗೆ.

● ಮೈಕ್ರೋಟಿಕ್ ಕಂಪನಿಯ ಊರು ಲಾಟ್ವಿಯಾದ ರಾಜಧಾನಿ ರಿಗಾ. 1996ರಲ್ಲಿ ಶುರುವಾದ ಈ ಕಂಪನಿ ಮೊದಲು ಮಾರಿದ್ದು ಪೆಟ್ಟಿಗೆಯನ್ನಲ್ಲ, ಸಾಫ್ಟ್‌ವೇರನ್ನು. ಸಾಮಾನ್ಯ ಪಿಸಿಯನ್ನು ರೂಟರ್ ಆಗಿಸುವ ರೂಟರ್‌ಓಎಸ್ ಅದು. ಪಿಪಿಟಿಪಿ, ಎಲ್‌2ಟಿಪಿ, ಎಸ್‌ಎಸ್‌ಟಿಪಿ, ಐಪಿಸೆಕ್, ಓಪನ್‌ವಿಪಿಎನ್, ವೈರ್‌ಗಾರ್ಡ್ ಎಂಬ ವಿಪಿಎನ್ ಬಗೆಗಳೆಲ್ಲವೂ ಇವತ್ತು ಈ ಒಂದೇ ಸಾಫ್ಟ್‌ವೇರ್‌ನಲ್ಲಿವೆ.

● ಹಳೇ ಪಿಸಿಯನ್ನು ಫೈರ್‌ವಾಲ್ ಮಾಡಿಕೊಳ್ಳುವವರ ನೆಚ್ಚಿನ ಪಿಎಫ್‌ಸೆನ್ಸ್, ಮೊನೊವಾಲ್ ಎಂಬ ಪುಟ್ಟ ಯೋಜನೆಯಿಂದ 2004ರಲ್ಲಿ ಕವಲೊಡೆದದ್ದು. 2015ರಲ್ಲಿ ಪಿಎಫ್‌ಸೆನ್ಸ್‌ನಿಂದಲೇ ಓಪಿಎನ್‌ಸೆನ್ಸ್ ಕವಲೊಡೆಯಿತು. ಅದೇ ವರ್ಷ ಮೊನೊವಾಲ್ ನಿಲ್ಲಿಸಿದ ಅದರ ಕರ್ತೃ ಮ್ಯಾನುಯೆಲ್ ಕ್ಯಾಸ್ಪರ್, ಈ ಹೊಸ ಕವಲಿಗೆ ಬನ್ನಿ ಎಂದು ಬಳಕೆದಾರರಿಗೆ ಹೇಳಿದರು.

ಪಾಸ್‌ವರ್ಡ್ ಪುರಾಣ

● 2016ರ ಅಕ್ಟೋಬರ್ 21ರಂದು ಟ್ವಿಟರ್, ನೆಟ್‌ಫ್ಲಿಕ್ಸ್, ರೆಡಿಟ್ ಅಮೆರಿಕದ ಬಹುಭಾಗದಲ್ಲಿ ತೆರೆಯಲಿಲ್ಲ. ಅವುಗಳ ವಿಳಾಸ ಹುಡುಕಿಕೊಡುತ್ತಿದ್ದ ಡಿನ್ ಕಂಪನಿಯ ಮೇಲೆ ಮಿರಾಯ್ ಎಂಬ ಕುತಂತ್ರಾಂಶದ ದಾಳಿ ನಡೆದಿತ್ತು. ಕ್ಯಾಮೆರಾ, ಡಿವಿಆರ್, ಮನೆಯ ರೂಟರ್‌ಗಳೇ ಅದರ ಸೈನ್ಯ. ಒಳನುಗ್ಗಲು ಮಿರಾಯ್ ಬಳಸಿದ್ದು ಕಾರ್ಖಾನೆಯಲ್ಲೇ ಕೂರಿಸಿದ್ದ ಅರವತ್ತು ಚಿಲ್ಲರೆ ಬಳಕೆದಾರ ಹೆಸರು-ಪಾಸ್‌ವರ್ಡ್ ಜೋಡಿಗಳ ಪಟ್ಟಿಯನ್ನು. ಅಷ್ಟೇ!

● ಅದಾಗಿ ತಿಂಗಳೊಪ್ಪತ್ತಿನಲ್ಲಿ, ನವೆಂಬರ್ 27ರಂದು, ಜರ್ಮನಿಯ ಡಾಯ್ಚ ಟೆಲಿಕಾಂನ ಸುಮಾರು 9 ಲಕ್ಷ ಗ್ರಾಹಕರ ಸಂಪರ್ಕ ಕೆಟ್ಟಿತು. ಕಂಪನಿಗಳು ದೂರದಿಂದಲೇ ರೂಟರ್ ನಿರ್ವಹಿಸಲು ಬಳಸುವ 7547ನೇ ಪೋರ್ಟ್ ಇಡೀ ಇಂಟರ್ನೆಟ್‌ಗೆ ತೆರೆದುಕೊಂಡಿತ್ತು. ಸ್ವಾರಸ್ಯವೆಂದರೆ ಆ ರೂಟರ್‌ಗಳಿಗೆ ಸೋಂಕು ತಗುಲಲಿಲ್ಲ. ದಾಳಿಯ ಹೊಡೆತ ತಾಳದೆ ಕುಸಿದವು.

● 2017ರ ಜುಲೈನಲ್ಲಿ ಈ ಬಿಸಿ ಕರ್ನಾಟಕಕ್ಕೂ ತಟ್ಟಿತು. ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್‌ನ ಸಾವಿರಾರು ಮೋಡೆಮ್‌ಗಳು ಕುತಂತ್ರಾಂಶದ ಹೊಡೆತಕ್ಕೆ ಸಿಕ್ಕವು. ಬಲಿಯಾದದ್ದು ‘ಅಡ್ಮಿನ್’ ಎಂಬ ಮೂಲ ಪಾಸ್‌ವರ್ಡನ್ನೇ ಉಳಿಸಿಕೊಂಡಿದ್ದ ಮೋಡೆಮ್‌ಗಳು. ಪಾಸ್‌ವರ್ಡ್ ಬದಲಿಸಿ ಎಂದು ಸಂಸ್ಥೆ ಗ್ರಾಹಕರನ್ನು ಕೇಳಿಕೊಂಡಿತು.

● ವೈಫೈ ಪಾಸ್‌ವರ್ಡ್ ಟೈಪ್ ಮಾಡುವ ಕಷ್ಟ ತಪ್ಪಿಸಲು ಬಂದ ಡಬ್ಲ್ಯುಪಿಎಸ್ ಸೌಲಭ್ಯದಲ್ಲಿ ಎಂಟು ಅಂಕಿಯ ಪಿನ್ ಇರುತ್ತದೆ. ಎಂಟು ಅಂಕಿ ಎಂದರೆ 10 ಕೋಟಿ ಸಾಧ್ಯತೆ, ಸುಲಭಕ್ಕೆ ಸಿಗದು ಅನ್ನಿಸುತ್ತದಲ್ಲವೇ? 2011ರ ಡಿಸೆಂಬರ್‌ನಲ್ಲಿ ಸ್ಟೆಫಾನ್ ವೀಬೋಕ್ ಇದರ ಒಳಗುಟ್ಟು ಬಿಚ್ಚಿಟ್ಟರು. ಕೊನೆಯ ಅಂಕಿ ಬರೀ ತಾಳೆ ನೋಡುವ ಅಂಕಿ, ಉಳಿದ ಏಳರಿಂದ ಲೆಕ್ಕ ಹಾಕಿ ತೆಗೆಯಬಹುದು. ಅದಕ್ಕಿಂತ ದೊಡ್ಡ ಎಡವಟ್ಟೆಂದರೆ, ಮೊದಲ ನಾಲ್ಕು ಅಂಕಿ ಸರಿಯೋ ತಪ್ಪೋ ಎಂಬುದನ್ನು ರೂಟರ್ ಪ್ರತ್ಯೇಕವಾಗಿ ಹೇಳಿಬಿಡುತ್ತಿತ್ತು. ಅಲ್ಲಿಗೆ ಮೊದಲರ್ಧಕ್ಕೆ 10,000, ಉಳಿದ ಮೂರು ಅಂಕಿಗೆ 1,000. ಒಟ್ಟು 11,000 ಪ್ರಯತ್ನಕ್ಕೆ ಬಾಗಿಲು ತೆರೆಯುವುದು ಖಾತ್ರಿ. ಕಂಪ್ಯೂಟರ್‌ಗೆ ಇದು ಕೆಲವು ಗಂಟೆಗಳ ಕೆಲಸ.

● ಸಿಸ್ಕೊ ರೂಟರ್‌ನ ಕಾನ್ಫಿಗ್‌ನಲ್ಲಿ ‘7’ ಎಂಬ ಗುರುತಿನ ಮುಂದೆ ಕಾಣುವ ಕಲಸುಮೇಲೋಗರದ ಪಾಸ್‌ವರ್ಡ್ ನಿಜವಾಗಿ ಗುಪ್ತವಲ್ಲ. ಎಲ್ಲರಿಗೂ ಗೊತ್ತಿರುವ ಒಂದೇ ಸ್ಥಿರ ಕೀಲಿಯಿಂದ ಅದನ್ನು ಮರೆಮಾಚಿರುತ್ತಾರೆ. ಹೆಗಲ ಹಿಂದಿನಿಂದ ಇಣುಕುವವರಿಗೆ ಕಾಣದಿರಲಿ ಎಂಬುದಷ್ಟೇ ಉದ್ದೇಶ. ಗಟ್ಟಿಯಾದದ್ದು ಬೇಕಿದ್ದರೆ 8 ಅಥವಾ 9ನೇ ಬಗೆ ಬಳಸಬೇಕು.

● ರೂಟರ್‌ಗೆ ಸುರಕ್ಷಿತವಾಗಿ ಲಾಗಿನ್ ಆಗಲು ಬಳಸುವ ಎಸ್‌ಎಸ್‌ಎಚ್ ಹುಟ್ಟಿದ್ದೂ ಒಂದು ಪಾಸ್‌ವರ್ಡ್ ಕಳ್ಳತನದಿಂದ. 1995ರಲ್ಲಿ ತಮ್ಮ ವಿಶ್ವವಿದ್ಯಾಲಯದ ನೆಟ್‌ವರ್ಕ್‌ನಲ್ಲಿ ಪಾಸ್‌ವರ್ಡ್ ಕದ್ದಾಲಿಸಿದ ಪ್ರಕರಣ ನಡೆದ ಮೇಲೆ ಫಿನ್ಲೆಂಡಿನ ಟಾಟು ಯುಲೊನೆನ್ ಇದನ್ನು ಬರೆದರು. ಎಫ್‌ಟಿಪಿಯ 21 ಮತ್ತು ಟೆಲ್‌ನೆಟ್‌ನ 23ರ ನಡುವೆ ಖಾಲಿಯಿದ್ದ 22ನೇ ಪೋರ್ಟನ್ನು ಕೇಳಿ ಪಡೆದರು.

ಫೈರ್‌ವಾಲ್: ಒಳಗೆ ಯಾರು, ಹೊರಗೆ ಯಾರು?

● ನಿಮ್ಮ ಮನೆಯ ಫೋನಿನ ವಿಳಾಸವೂ ಸಾಮಾನ್ಯವಾಗಿ 192.168ರಿಂದ ಶುರು, ಪಕ್ಕದ ಮನೆಯದೂ ಹಾಗೇ. ಖಾಸಗಿ ಬಳಕೆಗೆಂದೇ ಮೀಸಲಿಟ್ಟ ವಿಳಾಸಗಳಿವು. ಇವನ್ನು ಹೊರಗಿನ ಒಂದೇ ವಿಳಾಸಕ್ಕೆ ಹೊಂದಿಸುವ ನ್ಯಾಟ್ ತಂತ್ರದ ದಾಖಲೆ 1994ರಲ್ಲಿ ಪ್ರಕಟವಾಯಿತು. ಅದು ವಿಳಾಸಗಳ ಅಭಾವಕ್ಕೆ ಕಂಡುಕೊಂಡ ಉಪಾಯ, ಭದ್ರತೆಗಾಗಿ ಮಾಡಿದ್ದಲ್ಲ.

● ಐಪಿವಿ6 ಬಳಕೆಯಲ್ಲಿ ಭಾರತ ಜಗತ್ತಿನ ಮುಂಚೂಣಿಯಲ್ಲಿದೆ. ಅಲ್ಲಿ ವಿಳಾಸಗಳ ಬರವಿಲ್ಲ, ಹಾಗಾಗಿ ನ್ಯಾಟ್ ಇರುವುದಿಲ್ಲ. ಮನೆಯ ಟಿವಿ, ಕ್ಯಾಮೆರಾ ಎಲ್ಲಕ್ಕೂ ಜಾಗತಿಕ ವಿಳಾಸವೇ ಸಿಗಬಹುದು. ಆಗ ಅವುಗಳ ಮುಂದೆ ನಿಲ್ಲುವುದು ರೂಟರ್‌ನ ಐಪಿವಿ6 ಫೈರ್‌ವಾಲ್ ಒಂದೇ. ನಿಮ್ಮ ರೂಟರ್‌ನಲ್ಲಿ ಅದು ಚಾಲೂ ಇದೆಯೇ ನೋಡಿಕೊಳ್ಳಿ.

● ಫೈರ್‌ವಾಲ್ ನಿಯಮಗಳಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಅವುಗಳ ಕ್ರಮ. ರೂಟರ್‌ಓಎಸ್ ನಿಯಮಗಳನ್ನು ಮೇಲಿನಿಂದ ಕೆಳಕ್ಕೆ ನೋಡುತ್ತಾ ಹೋಗುತ್ತದೆ. ಹೊಂದುವ ಮೊದಲ ನಿಯಮ ಬಿಡು ಎಂದರೆ ಬಿಟ್ಟಿತು, ತಡೆ ಎಂದರೆ ತಡೆಯಿತು. ಮನೆ ರೂಟರ್‌ನ ಸಾಮಾನ್ಯ ಪಟ್ಟಿ ಹೀಗಿರುತ್ತದೆ: ಒಳಗಿನವರು ಶುರುಮಾಡಿದ ಸಂಭಾಷಣೆಗೆ ಬಂದ ಉತ್ತರವನ್ನು ಬಿಡು, ತಲೆಬುಡವಿಲ್ಲದ ಪ್ಯಾಕೆಟ್ಟನ್ನು ಎಸೆ, ಹೊರಗಿನಿಂದ ತಾನಾಗಿ ಬಂದ ಉಳಿದದ್ದೆಲ್ಲವನ್ನೂ ಎಸೆ. ಯಾರೋ ಪರೀಕ್ಷೆಗೆಂದು ತುತ್ತತುದಿಯಲ್ಲಿ ‘ಎಲ್ಲವನ್ನೂ ಬಿಡು’ ಎಂದು ಬರೆದು ಅಳಿಸಲು ಮರೆತರೆ, ಕೆಳಗಿನ ಅಷ್ಟೂ ನಿಯಮಗಳು ಇದ್ದೂ ಇಲ್ಲದಂತೆ.

● ಸಂಭಾಷಣೆಯ ನೆನಪಿಟ್ಟುಕೊಂಡು ತೀರ್ಮಾನಿಸುವ ಈ ಬಗೆಯ ಫೈರ್‌ವಾಲ್ 1990ರ ದಶಕದಲ್ಲಿ ಇಸ್ರೇಲಿನ ಚೆಕ್ ಪಾಯಿಂಟ್ ಕಂಪನಿಯಿಂದ ಜನಪ್ರಿಯವಾಯಿತು. 2001ರ ಜನವರಿಯಲ್ಲಿ ಬಂದ ಲಿನಕ್ಸ್ 2.4 ಅದನ್ನು ಉಚಿತವಾಗಿ ಎಲ್ಲರ ಕೈಗಿಟ್ಟಿತು.

● ಆಟದ ಕನ್ಸೋಲ್‌ಗೆ ಅನುಕೂಲವಾಗಲೆಂದು ಇರುವ ಯುಪಿಎನ್‌ಪಿ, ಒಳಗಿನ ಯಾವ ಸಾಧನ ಕೇಳಿದರೂ ಪಾಸ್‌ವರ್ಡ್ ಕೇಳದೆ ಹೊರಗಿನಿಂದ ಪೋರ್ಟ್ ತೆರೆದುಕೊಡುತ್ತದೆ. ಕೇಳಿದ್ದು ಕನ್ಸೋಲೋ ಕುತಂತ್ರಾಂಶವೋ, ಅದಕ್ಕೆ ಎರಡೂ ಒಂದೇ.

● 2016ರ ಫೆಬ್ರುವರಿಯಲ್ಲಿ ಬಾಂಗ್ಲಾದೇಶದ ಕೇಂದ್ರೀಯ ಬ್ಯಾಂಕಿನಿಂದ 8.1 ಕೋಟಿ ಡಾಲರ್ ಕಳುವಾಯಿತು. ಕಳ್ಳರು ಗುರಿ ಇಟ್ಟದ್ದು 95 ಕೋಟಿ ಡಾಲರ್ ಮೇಲೆ. ಜಾಗತಿಕ ಹಣ ವರ್ಗಾವಣೆ ಜಾಲಕ್ಕೆ ಸೇರಿದ್ದ ಕಂಪ್ಯೂಟರ್‌ಗಳ ಮುಂದೆ ಫೈರ್‌ವಾಲ್ ಇರಲಿಲ್ಲ, 10 ಡಾಲರ್ ಬೆಲೆಯ ಸೆಕೆಂಡ್ ಹ್ಯಾಂಡ್ ಸ್ವಿಚ್‌ಗಳನ್ನು ಬಳಸಲಾಗಿತ್ತು ಎಂದು ತನಿಖಾಧಿಕಾರಿಗಳು ಹೇಳಿದರು.

ವಿಪಿಎನ್ ಎಂಬ ಸುರಂಗ

● ಹಳೆಯ ರೂಟರ್‌ಗಳಲ್ಲಿ ಇಂದಿಗೂ ಕಾಣುವ ಪಿಪಿಟಿಪಿಯನ್ನು ಮರೆತುಬಿಡಿ. 2012ರಲ್ಲಿ ಮಾಕ್ಸಿ ಮಾರ್ಲಿನ್‌ಸ್ಪೈಕ್ ಮತ್ತು ಡೇವಿಡ್ ಹಲ್ಟನ್ ಅದರ ಲಾಗಿನ್ ವಿಧಾನವನ್ನು ಮುರಿಯಲು ಡಿಇಎಸ್ ಎಂಬ ಹಳೆಯ ಗೂಢಲಿಪಿಯ ಒಂದೇ ಒಂದು ಕೀಲಿ ಹುಡುಕಿದರೆ ಸಾಕೆಂದು ತೋರಿಸಿಕೊಟ್ಟರು. ಪಾಸ್‌ವರ್ಡ್ ಎಷ್ಟೇ ಉದ್ದವಿರಲಿ, ಒಂದು ದಿನದೊಳಗೆ ಕೆಲಸ ಮುಗಿಯುತ್ತಿತ್ತು. ವಿಂಡೋಸ್ ಸರ್ವರ್‌ನಿಂದ ಇದನ್ನು ಕೈಬಿಡುವುದಾಗಿ ಮೈಕ್ರೋಸಾಫ್ಟ್ 2024ರಲ್ಲಿ ಘೋಷಿಸಿತು.

● ಎಲ್‌2ಟಿಪಿ ಸ್ವತಃ ಯಾವುದನ್ನೂ ಗೂಢಲಿಪಿಗೆ ಇಳಿಸುವುದಿಲ್ಲ. ಜತೆಗೆ ಐಪಿಸೆಕ್ ಇಲ್ಲದಿದ್ದರೆ ಅದು ಗೋಡೆಗಳಿಲ್ಲದ ಸುರಂಗ.

● ಐಪಿಸೆಕ್‌ನ ಮೊದಲ ದಾಖಲೆಗಳು 1995ರವು. ಕಚೇರಿಯ ಎರಡು ಶಾಖೆಗಳನ್ನು ಜೋಡಿಸಲು ಬೇರೆ ಬೇರೆ ಕಂಪನಿಗಳ ರೂಟರ್‌ಗಳು ಇವತ್ತಿಗೂ ಒಪ್ಪಿ ಮಾತನಾಡುವ ಭಾಷೆ ಇದೇ.

● ಜೇಮ್ಸ್ ಯೊನಾನ್ ಓಪನ್‌ವಿಪಿಎನ್‌ನ ಮೊದಲ ಆವೃತ್ತಿ ಬಿಟ್ಟದ್ದು 2001ರಲ್ಲಿ. ಮಧ್ಯ ಏಷ್ಯಾದಲ್ಲಿ ಪ್ರಯಾಣಿಸುತ್ತಾ ದೂರದ ಕೆಲಸ ಮಾಡುವಾಗ, ತಮ್ಮ ಮಾಹಿತಿ ಯಾವ ಯಾವ ದೇಶದ ತಂತಿಗಳ ಮೂಲಕ ಹಾದುಹೋಗುತ್ತಿದೆ ಎಂಬ ಚಿಂತೆಯೇ ಅದಕ್ಕೆ ಪ್ರೇರಣೆ.

● ಜೇಸನ್ ಡೊನೆನ್‌ಫೆಲ್ಡ್ ಬರೆದ ವೈರ್‌ಗಾರ್ಡ್ ಲಿನಕ್ಸ್ ಕರ್ನಲ್‌ಗೆ ಸೇರಿದ್ದು 2020ರ ಮಾರ್ಚ್‌ನ 5.6ನೇ ಆವೃತ್ತಿಯಲ್ಲಿ. ಅದರ ಕೋಡ್ ಸುಮಾರು 4,000 ಸಾಲು. ಒಬ್ಬ ಪರಿಣತ ಕೂತು ಪೂರ್ತಿ ಓದಿ ತಪ್ಪು ಹುಡುಕಬಲ್ಲಷ್ಟು. ಇದರ ಕೀಲಿ 44 ಅಕ್ಷರಗಳ ಒಂದು ಸಾಲು, ಕೊನೆಯಲ್ಲಿ ಒಂದು ಸಮಚಿಹ್ನೆ. ಎರಡೂ ಬದಿಯವರು ತಮ್ಮ ಸಾರ್ವಜನಿಕ ಕೀಲಿಯನ್ನು ಪರಸ್ಪರ ಕೊಟ್ಟುಕೊಂಡು ವಿಳಾಸಗಳನ್ನು ತುಂಬಿದರೆ ಸುರಂಗ ಸಿದ್ಧ. ಮಾಹಿತಿ ಹರಿಯುತ್ತಿರುವಷ್ಟೂ ಹೊತ್ತು ಎರಡೆರಡು ನಿಮಿಷಕ್ಕೆ ಒಳಗಿನ ತಾತ್ಕಾಲಿಕ ಕೀಲಿ ಬದಲಾಗುತ್ತದೆ. ಕೀಲಿ ಇಲ್ಲದವರು ಬಂದು ತಟ್ಟಿದರೆ ವೈರ್‌ಗಾರ್ಡ್ ಉತ್ತರವನ್ನೇ ಕೊಡುವುದಿಲ್ಲ. ಅಲ್ಲೊಂದು ವಿಪಿಎನ್ ಇದೆ ಎಂಬುದೇ ಹೊರಗಿನವರಿಗೆ ತಿಳಿಯದು.

● ಅಗ್ಗದ ರೂಟರ್‌ನಲ್ಲಿ ಓಪನ್‌ವಿಪಿಎನ್ ತೆವಳಿದರೂ ವೈರ್‌ಗಾರ್ಡ್ ಓಡುತ್ತದೆ, ಏಕೆ? ಒಂದು, ಅದು ಕರ್ನಲ್ ಒಳಗೇ ಕೆಲಸ ಮಾಡುತ್ತದೆ. ಇನ್ನೊಂದು, ಅದು ಬಳಸುವ ಚಾಚಾ20 ಗೂಢಲಿಪಿಗೆ ವಿಶೇಷ ಚಿಪ್ ಬೇಕಿಲ್ಲ, ಸಾಧಾರಣ ಪ್ರೊಸೆಸರ್‌ನಲ್ಲೂ ಚುರುಕು.

● ಕರೆಂಟ್ ಹೋಗಿ ಬಂದ ಮೇಲೆ ವಿಪಿಎನ್ ಮಾತ್ರ ಕೈಕೊಡುತ್ತದೆಯೇ? ಅಗ್ಗದ ಅನೇಕ ರೂಟರ್‌ಗಳಲ್ಲಿ ಗಡಿಯಾರಕ್ಕೆ ಬ್ಯಾಟರಿ ಇರುವುದಿಲ್ಲ, ಚಾಲೂ ಆದಾಗ ದಿನಾಂಕ ಹಿಂದಕ್ಕೆ ಹೋಗಿರುತ್ತದೆ. ಓಪನ್‌ವಿಪಿಎನ್‌ಗೆ ಪ್ರಮಾಣಪತ್ರ ಇನ್ನೂ ಜಾರಿಗೇ ಬಂದಿಲ್ಲ ಅನ್ನಿಸುತ್ತದೆ. ವೈರ್‌ಗಾರ್ಡ್‌ನ ಆಚೆ ಬದಿಯವರಿಗೆ ಹಳೇ ಸಂದೇಶವನ್ನೇ ಯಾರೋ ಮತ್ತೆ ಕಳಿಸುತ್ತಿದ್ದಾರೆ ಅನ್ನಿಸಿ ತಿರಸ್ಕರಿಸುತ್ತಾರೆ. ಸಮಯ ತರುವ ಎನ್‌ಟಿಪಿಯನ್ನೂ ಅದೇ ವಿಪಿಎನ್ ಮೂಲಕ ಕಳಿಸಿದ್ದರಂತೂ ರೂಟರ್ ಸಿಕ್ಕಿಬಿದ್ದಂತೆಯೇ. ಎನ್‌ಟಿಪಿಗೆ ವಿಪಿಎನ್ ಹೊರಗಿನ ನೇರ ದಾರಿ ಕೊಡುವುದೇ ಪರಿಹಾರ.

● ಮನೆಯ ರೂಟರ್‌ನಲ್ಲಿ ವಿಪಿಎನ್ ಸರ್ವರ್ ಮಾಡಿದರೂ ಹೊರಗಿನಿಂದ ಸಿಗುತ್ತಿಲ್ಲವೇ? ರೂಟರ್‌ನ ಹೊರಬದಿಯ ವಿಳಾಸ ನೋಡಿ. ಅದು 100.64ರಿಂದ 100.127ರ ನಡುವೆ ಇದ್ದರೆ, ನಿಮ್ಮ ಇಂಟರ್ನೆಟ್ ಕಂಪನಿ ಒಂದೇ ಸಾರ್ವಜನಿಕ ವಿಳಾಸವನ್ನು ಅನೇಕ ಗ್ರಾಹಕರಿಗೆ ಹಂಚುತ್ತಿದೆ ಎಂದರ್ಥ. 2012ರಲ್ಲಿ ಈ ವಿಳಾಸಗಳನ್ನು ಅದಕ್ಕೆಂದೇ ಮೀಸಲಿಡಲಾಯಿತು. ಐಪಿವಿ6 ಬಳಸಿ, ಇಲ್ಲವೇ ಸಾರ್ವಜನಿಕ ಐಪಿ ಕೇಳಿ ಪಡೆಯಿರಿ.

● ಹೋಟೆಲಿನ ವೈಫೈನಲ್ಲಿ ‘ವಿಪಿಎನ್ ಸಂಪರ್ಕಗೊಂಡಿದೆ’ ಎಂದು ತೋರಿಸುತ್ತಿರುವಾಗಲೇ ಮಾಹಿತಿ ಸುರಂಗದ ಹೊರಗೆ ಹರಿಯಬಹುದು! 2024ರ ಮೇನಲ್ಲಿ ಬಯಲಾದ ‘ಟನೆಲ್‌ವಿಷನ್’ ತಂತ್ರ ಇದು. ಐಪಿ ವಿಳಾಸ ಹಂಚುವ ಡಿಎಚ್‌ಸಿಪಿ ಸರ್ವರ್‌ಗೆ 121ನೇ ಆಯ್ಕೆಯ ಮೂಲಕ ‘ಇಂಥ ವಿಳಾಸಕ್ಕೆ ಈ ದಾರಿ ಹಿಡಿ’ ಎನ್ನುವ ಅಧಿಕಾರ 2002ರಿಂದಲೇ ಇದೆ. ದಾರಿ ಆರಿಸುವಾಗ ಹೆಚ್ಚು ನಿಖರವಾದದ್ದೇ ಗೆಲ್ಲುತ್ತದೆ. ಕಿಡಿಗೇಡಿ ಸರ್ವರ್ ಕೊಟ್ಟ ನಿಖರ ದಾರಿ ವಿಪಿಎನ್‌ನ ಸಾಮಾನ್ಯ ದಾರಿಯನ್ನು ಮೀರಿಸಿಬಿಡುತ್ತದೆ. ಆಂಡ್ರಾಯ್ಡ್ ಈ ಆಯ್ಕೆಯನ್ನು ಪಾಲಿಸುವುದೇ ಇಲ್ಲವಾದ್ದರಿಂದ ಅದಕ್ಕೆ ಈ ತೊಂದರೆಯಿಲ್ಲ.

● ಇದೇ ‘ನಿಖರ ದಾರಿ ಗೆಲ್ಲುತ್ತದೆ’ ಎಂಬ ನಿಯಮ 2008ರ ಫೆಬ್ರುವರಿ 24ರಂದು ಯೂಟ್ಯೂಬನ್ನು ಜಗತ್ತಿನ ಬಹುಭಾಗದಲ್ಲಿ ಸುಮಾರು ಎರಡು ಗಂಟೆ ಮರೆಯಾಗಿಸಿತ್ತು. ದೇಶದೊಳಗೆ ಯೂಟ್ಯೂಬ್ ತಡೆಯಲು ಪಾಕಿಸ್ತಾನ್ ಟೆಲಿಕಾಂ ಹಾಕಿದ ನಿಖರ ದಾರಿ ಹೊರಗೆ ಸೋರಿ, ಬೇರೆ ದೇಶಗಳ ರೂಟರ್‌ಗಳೂ ಅದನ್ನು ನಂಬಿದವು. ಯಾವ ವಿಳಾಸ ಯಾರದೆಂದು ಗೂಢಲಿಪಿ ಸಹಿಯಿಂದ ತಾಳೆ ನೋಡುವ ಆರ್‌ಪಿಕೆಐ ವ್ಯವಸ್ಥೆ ಇಂಥ ಪ್ರಮಾದ ತಡೆಯಲೆಂದೇ ಬಂದದ್ದು.

ದೊಡ್ಡ ದಾಳಿಗಳ ಒಳಗುಟ್ಟು

● 2015ರ ಡಿಸೆಂಬರ್‌ನಲ್ಲಿ ಜುನಿಪರ್ ಕಂಪನಿ ತನ್ನ ಫೈರ್‌ವಾಲ್‌ಗಳ ಸ್ಕ್ರೀನ್‌ಓಎಸ್ ಸಾಫ್ಟ್‌ವೇರ್‌ನಲ್ಲಿ ಯಾರೋ ಅನಧಿಕೃತ ಕೋಡ್ ಸೇರಿಸಿದ್ದಾರೆಂದು ಪ್ರಕಟಿಸಿತು. ಸೇರಿಸಿದ್ದು ಎರಡು ಸಂಗತಿ. ಒಂದು, ಯಾವುದೇ ಹೆಸರಿನಿಂದ ಒಳನುಗ್ಗಬಹುದಾದ ರಹಸ್ಯ ಪಾಸ್‌ವರ್ಡ್. ದೋಷ ಹುಡುಕಲು ಪ್ರೋಗ್ರಾಮರ್‌ಗಳು ಬರೆದುಕೊಳ್ಳುವ ಶೇಕಡಾ ಚಿಹ್ನೆ, ಆವರಣಗಳ ಸಾಲಿನಂತೆಯೇ ಅದನ್ನು ಹೆಣೆಯಲಾಗಿತ್ತು. ಓದಿದವರ ಕಣ್ಣು ಅನುಮಾನಿಸದೆ ಮುಂದಕ್ಕೆ ಹೋಗಲಿ ಎಂದು! ಇನ್ನೊಂದು, ಯಾದೃಚ್ಛಿಕ ಸಂಖ್ಯೆ ಹುಟ್ಟಿಸುವ ಸೂತ್ರದಲ್ಲಿ ಬದಲಿಸಿದ ಒಂದು ಸ್ಥಿರಾಂಕ. ಅದರ ಗುಟ್ಟು ಬಲ್ಲವರು ವಿಪಿಎನ್ ಮಾಹಿತಿಯನ್ನೇ ಬಿಚ್ಚಿ ಓದಬಹುದಿತ್ತು.

● 2018ರ ಮೇನಲ್ಲಿ ಬಯಲಾದ ವಿಪಿಎನ್‌ಫಿಲ್ಟರ್ ಎಂಬ ಕುತಂತ್ರಾಂಶ 54 ದೇಶಗಳ ಕನಿಷ್ಠ 5 ಲಕ್ಷ ಸಾಧನಗಳನ್ನು ಹಿಡಿದಿತ್ತು. ತನ್ನ ಒಡೆಯನ ಸರ್ವರ್ ವಿಳಾಸವನ್ನು ಅದು ಹುಡುಕುತ್ತಿದ್ದದ್ದು ಫೋಟೊಬಕೆಟ್ ತಾಣದ ಚಿತ್ರಗಳಲ್ಲಿ. ಚಿತ್ರದೊಳಗಿನ ಜಿಪಿಎಸ್ ಅಕ್ಷಾಂಶ ರೇಖಾಂಶದ ಅಂಕಿಗಳನ್ನು ಲೆಕ್ಕ ಹಾಕಿದರೆ ಐಪಿ ವಿಳಾಸ ಸಿಗುತ್ತಿತ್ತು. ಎಫ್‌ಬಿಐ ಅದರ ಬದಲಿ ಡೊಮೇನ್ ವಶಪಡಿಸಿಕೊಂಡು, ಎಲ್ಲರೂ ರೂಟರ್ ರೀಬೂಟ್ ಮಾಡಿ ಎಂದು ಕೋರಿತು. ಕುತಂತ್ರಾಂಶದ ಅಪಾಯಕಾರಿ ಭಾಗ ರೀಬೂಟ್‌ಗೆ ಅಳಿಸಿಹೋಗುತ್ತಿತ್ತು, ಉಳಿದ ಭಾಗ ಸೂಚನೆ ಕೇಳಲು ಹೋದಾಗ ಸಿಗುತ್ತಿದ್ದದ್ದು ಎಫ್‌ಬಿಐ.

● ಅದೇ ವರ್ಷ ಮೈಕ್ರೋಟಿಕ್ ರೂಟರ್‌ಗಳ ದೋಷವೊಂದಕ್ಕೆ ಏಪ್ರಿಲ್‌ನಲ್ಲೇ ಪರಿಹಾರ ಬಂದಿತ್ತು. ಆಗಸ್ಟ್‌ನಲ್ಲಿ ಬ್ರೆಜಿಲ್‌ನಿಂದ ಶುರುವಾಗಿ ಲಕ್ಷಕ್ಕೂ ಹೆಚ್ಚು ರೂಟರ್‌ಗಳು ಕಳ್ಳರ ವಶವಾದವು, ಬಳಕೆದಾರರ ಕಂಪ್ಯೂಟರ್‌ಗಳಲ್ಲಿ ಕ್ರಿಪ್ಟೊ ನಾಣ್ಯ ಗಣಿಗಾರಿಕೆ ನಡೆಯಿತು. ನಡುವಿನ ನಾಲ್ಕು ತಿಂಗಳು ಅಪ್‌ಡೇಟ್ ಕಾಯುತ್ತಾ ಕೂತಿತ್ತು.

● 2023ರ ಅಕ್ಟೋಬರ್‌ನಲ್ಲಿ ಸಿಸ್ಕೊ ಐಒಎಸ್ ಎಕ್ಸ್‌ಇ ವೆಬ್ ಪುಟದ ದೋಷಕ್ಕೆ ತೀವ್ರತೆಯಲ್ಲಿ 10ಕ್ಕೆ 10 ಸಿಕ್ಕಿತು. ಸೋಂಕಿತ ಸಾಧನಗಳ ಸಂಖ್ಯೆ ಕೆಲವೇ ದಿನಗಳಲ್ಲಿ ದಿಢೀರ್ ಕುಸಿಯಿತು. ಸೋಂಕು ವಾಸಿಯಾಗಿರಲಿಲ್ಲ, ಗುಪ್ತ ಸಂಕೇತ ಕೊಟ್ಟವರಿಗಷ್ಟೇ ಉತ್ತರಿಸುವಂತೆ ದಾಳಿಕೋರರು ತಮ್ಮ ಕೋಡ್ ಬದಲಿಸಿದ್ದರು.

● 2023ರ ಡಿಸೆಂಬರ್‌ನಲ್ಲಿ ಅಮೆರಿಕ ಸರ್ಕಾರ ನ್ಯಾಯಾಲಯದ ಅನುಮತಿ ಪಡೆದು ನೂರಾರು ಖಾಸಗಿ ರೂಟರ್‌ಗಳಿಂದ ಕುತಂತ್ರಾಂಶ ಅಳಿಸಿತು. ಅವುಗಳಲ್ಲಿ ಬಹುಪಾಲು ತಯಾರಕರು ಅಪ್‌ಡೇಟ್ ನಿಲ್ಲಿಸಿದ್ದ ಹಳೇ ಸಿಸ್ಕೊ ಮತ್ತು ನೆಟ್‌ಗಿಯರ್ ಪೆಟ್ಟಿಗೆಗಳು.

ಕಾನೂನು ಏನನ್ನುತ್ತದೆ?

● ಕ್ಯಾಲಿಫೋರ್ನಿಯಾದಲ್ಲಿ 2020ರ ಜನವರಿ 1ರಿಂದ, ಬ್ರಿಟನ್ನಿನಲ್ಲಿ 2024ರ ಏಪ್ರಿಲ್ 29ರಿಂದ ಎಲ್ಲ ಪೆಟ್ಟಿಗೆಗೂ ಒಂದೇ ಪಾಸ್‌ವರ್ಡ್ ಇಟ್ಟು ಮಾರುವಂತಿಲ್ಲ.

● ಭಾರತದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರ ನಿರ್ದೇಶನದಲ್ಲಿ ವಿಪಿಎನ್ ಸೇವಾ ಕಂಪನಿಗಳು ಗ್ರಾಹಕರ ವಿವರವನ್ನು 5 ವರ್ಷ ಇಟ್ಟುಕೊಳ್ಳಬೇಕೆಂದಿತು. ಕೆಲವು ವಿದೇಶಿ ಕಂಪನಿಗಳು ಭಾರತದ ಸರ್ವರ್‌ಗಳನ್ನೇ ತೆಗೆದವು. ಕಂಪನಿಗಳು ತಮ್ಮ ನೌಕರರಿಗಾಗಿ ನಡೆಸುವ ವಿಪಿಎನ್‌ಗೆ ಈ ನಿಯಮ ಅನ್ವಯಿಸದು.

● ಭಾರತದಲ್ಲಿ ಮಾರುವ ರೂಟರ್‌ಗಳಿಗೆ ಭದ್ರತಾ ಮಾನದಂಡ ರೂಪಿಸುವ ರಾಷ್ಟ್ರೀಯ ಸಂವಹನ ಭದ್ರತಾ ಕೇಂದ್ರದ ಮುಖ್ಯ ಕಚೇರಿ ಇರುವುದು ದೆಹಲಿಯಲ್ಲಲ್ಲ, ಬೆಂಗಳೂರಿನಲ್ಲಿ!

ಇವತ್ತೇ ಮಾಡಿ

● ರೂಟರ್‌ನ ಅಡ್ಮಿನ್ ಪಾಸ್‌ವರ್ಡ್ ಬದಲಿಸಿ. ವೈಫೈ ಪಾಸ್‌ವರ್ಡ್ ಬೇರೆ, ಇದು ಬೇರೆ.

● ಫರ್ಮ್‌ವೇರ್ ಅಪ್‌ಡೇಟ್ ಹಾಕಿ. ತಾನಾಗಿ ಅಪ್‌ಡೇಟ್ ಆಗುವ ಆಯ್ಕೆ ಇದ್ದರೆ ಅದನ್ನೇ ಆನ್ ಮಾಡಿ.

● ಹೊರಗಿನಿಂದ ನಿರ್ವಹಿಸುವ ‘ರಿಮೋಟ್ ಮ್ಯಾನೇಜ್‌ಮೆಂಟ್’, ಡಬ್ಲ್ಯುಪಿಎಸ್, ಯುಪಿಎನ್‌ಪಿ ಮೂರನ್ನೂ ಆಫ್ ಮಾಡಿ. ಹೊರಗಿನಿಂದ ಮನೆಯ ಕ್ಯಾಮೆರಾ ನೋಡಬೇಕೆಂದರೆ ಪೋರ್ಟ್ ತೆರೆಯಬೇಡಿ, ವೈರ್‌ಗಾರ್ಡ್ ಮೂಲಕ ಒಳಬನ್ನಿ.

● ವೈಫೈಗೆ ಡಬ್ಲ್ಯುಪಿಎ3, ಅದಿಲ್ಲದಿದ್ದರೆ ಡಬ್ಲ್ಯುಪಿಎ2 ಆರಿಸಿ. ಹಳೆಯ ಡಬ್ಲ್ಯುಇಪಿ ಬೇಡ, ಅದನ್ನು 2001ರಲ್ಲೇ ಮುರಿದಾಗಿದೆ.

● ಹೊಸ ರೂಟರ್ ಕೊಳ್ಳುವಾಗ ಆಂಟೆನಾ ಎಷ್ಟಿವೆ ಎಂದು ಕೇಳುವ ಮೊದಲು, ಎಷ್ಟು ವರ್ಷ ಭದ್ರತಾ ಅಪ್‌ಡೇಟ್ ಕೊಡುತ್ತೀರಿ ಎಂದು ಕೇಳಿ. ಅಂಗಡಿಯವರಿಗೆ ಉತ್ತರ ಗೊತ್ತಿಲ್ಲದಿದ್ದರೆ ಕಂಪನಿಗೆ ಬರೆದು ಕೇಳಿ. ಗ್ರಾಹಕರು ಕೇಳತೊಡಗಿದರೆ ಡಬ್ಬಿಯ ಮೇಲೆ ವೇಗದ ಪಕ್ಕದಲ್ಲೇ ಆ ವರ್ಷವನ್ನೂ ಅಚ್ಚು ಹಾಕುತ್ತಾರೆ.